ಗಂಬೂಟ್‌ನ ಮೂಗುಪಟ್ಟಿ

ಕುದುರೆ ಹತ್ತು ಅಂದೆ, ಪಿಪ್ಪಾ. ಎಷ್ಟು ಸಲ ಹೇಳಬೇಕು? ಅಭ್ಯಾಸದ ಮೈದಾನದಿಂದ ಅರ್ಧಕ್ಕೇ ಇಳಿದು ಬಂದು, ಟ್ರೇಲರ್ ಪಕ್ಕ ಹೀಗೆ ಗೂಟ ಹೊಡೆದ ಹಾಗೆ ನಿಂತರೆ ಏನರ್ಥ? ಇನ್ನು ಸ್ವಲ್ಪ ಹೊತ್ತಿಗೆ ನಿನ್ನದೇ ಸರದಿ! ಆ ಬೇಲಿ ಹತ್ತಿರ ನೀಲಿ ಟೋಪಿ ಹಾಕಿಕೊಂಡು ಕೂತಿದ್ದಾರಲ್ಲ, ಅವರೇನು ಬ್ರೆಡ್ಡಿನಲ್ಲಿ ಸಾಸೇಜ್ ಸುತ್ತಿಕೊಂಡು ತಿನ್ನೋಕೆ ಬಂದವರಾ? ವಿಕ್ಟೋರಿಯಾ ರಾಜ್ಯದ ಕಿರಿಯರ ಸವಾರಿ ತಂಡ ಆರಿಸೋಕೆ ಬಂದವರು ಕಣೇ. ಉಳಿದಿರೋದು ಒಂದೇ ಜಾಗ. ಮುಂದಿನ ವರ್ಷಕ್ಕೆ ನಿನಗೆ ವಯಸ್ಸು ಮೀರುತ್ತೆ. ಇವತ್ತು ಬಿಟ್ಟರೆ... ಇಲ್ಲ, ಅಷ್ಟೇ.

ಅಮ್ಮನ ಮುಖ ಏನು ಹಾಗೆ ನೋಡ್ತೀಯ? ಮೂಗಿನ ಮೇಲೆ ಸನ್‌ಸ್ಕ್ರೀನ್ ಹಾಗೇ ಉಳಿದಿದೆಯಾ? ನಗು ಬಂದರೆ ನಕ್ಕುಬಿಡು. ಬರಲ್ಲವಾ... ಸರಿ.

ಹೆದರಿಕೆಯಾ? ಹೆದರೋಕೆ ಏನಿದೆ ಹೇಳು! ಗಂಬೂಟ್ ಇವತ್ತು ಎಷ್ಟು ಚೆನ್ನಾಗಿದ್ದಾನೆ! ಕತ್ತು ಬಾಗಿಸಿಕೊಂಡು, ಬಾಯಿ ಮುಚ್ಚಿಕೊಂಡು, ಥೇಟ್ ಮದುವೆ ಗಂಡು. ಹೋದ ತಿಂಗಳು ನೆನಪಿದೆ ತಾನೆ? ತಿರುವಿಗೊಂದು ಸಲ ಬಾಯಿ ತೆಗೆಯೋದು, ನಾಲಿಗೆ ಹೊರಗೆ ಹಾಕೋದು. ತೀರ್ಪುಗಾರ್ತಿ ಮೈಕಿನಲ್ಲೇ ಅಂದಳಲ್ಲ, 'ಈ ಕುದುರೆ ಏನೋ ದೂರು ಹೇಳ್ತಿದೆ' ಅಂತ. ಇಡೀ ಪೋನಿ ಕ್ಲಬ್ ಗೊಳ್ಳೆಂದು ನಕ್ಕಿತು. ಇವತ್ತು ದೂರು ಇದೆಯಾ? ಉಸಿರಿಲ್ಲ!

ಯಾಕೆ ಮುಖ ಸಿಂಡರಿಸಿದೆ?

ಏನು... ಅವನ ಮೂತಿ ಸುತ್ತ ಕಟ್ಟಿರೋ ಮೂಗುಪಟ್ಟಿನಾ? ಅಯ್ಯೋ, ಅದರ ಪರೀಕ್ಷೆ ಬೆಳಿಗ್ಗೆನೇ ಮುಗಿಯಿತಲ್ಲ! ತಪಾಸಣೆಗೆ ನಿಂತಿದ್ದ ಶೆರಿಲ್ ಎರಡು ಬೆರಳು ತೂರಿಸಿ ನೋಡಿ, ಸಡಿಲವಾಗಿದೆ ಅಂತ ಹಸಿರು ದಾರ ಕಟ್ಟಿ ಕಳಿಸಲಿಲ್ಲವಾ? ನೀನೇ ಲಗಾಮು ಹಿಡಿದು ನಿಂತಿದ್ದೆ. ...ಬೆರಳನ್ನ ಅಲ್ಲಿ ಯಾಕೆ ಇಟ್ಟುಕೊಂಡೆ, ನಿನ್ನ ಮೂಗಿನ ಮೇಲೆ? ಅರ್ಥವಾಯಿತು, ಅರ್ಥವಾಯಿತು. ಮೂಗಿನ ಮೂಳೆ ಮೇಲೆ ಅಳೀಬೇಕು, ಕೆನ್ನೆ ಬದಿಯಲ್ಲಲ್ಲ. ಬದಿಯಲ್ಲಿ ಮಾಂಸ ಮೆತ್ತಗಿರುತ್ತೆ, ಎಷ್ಟು ಬಿಗಿದಿದ್ದರೂ ಬೆರಳು ಹೋಗುತ್ತೆ. ಅದನ್ನ ನನಗೇ ಹೇಳಿಕೊಡ್ತೀಯಾ! ಈ ಕ್ಲಬ್ಬಿಗೆ ಆ ನಿಯಮ ತಂದವಳು ಯಾರು? ಕಾಲೇಜಿನಲ್ಲಿ ಕುದುರೆ ವಿಜ್ಞಾನ ಕಲಿಸೋದು ಸಾಲದು ಅಂತ ಇಲ್ಲಿಗೂ ಬಂದು, ಸಂಶೋಧನೆ ತೋರಿಸಿ, ಹಳಬರ ಹತ್ತಿರ ಜಗಳವಾಡಿ, ಕಂಡವರ ಕುದುರೆಗಳ ಪಟ್ಟಿಯನ್ನೆಲ್ಲ ಸಡಿಲ ಮಾಡಿಸಿದವಳು ನಾನು. ಇವತ್ತಿಗೂ ರೇಗಿಸ್ತಾರೆ, 'ಡಾಕ್ಟರಮ್ಮ ಬಂದಳು, ಬಕಲ್ ಬಿಚ್ಚ್ರೋ' ಅಂತ.

ಶೆರಿಲ್‌ನ ಮಾತಾಡಿಸ್ತಾ ನಿಂತೆ, ಹೌದು. ಅವಳ ಮಗನ ಮದುವೆ, ಹೇಗಾಯಿತು ಅಂತ ಕೇಳೋದೂ ತಪ್ಪಾ? ಕೈ... ಅವಳ ಕೈ ಹಿಡಿದು ಬದಿಗೆ ತಂದೆನಾ ನಾನು? ಇವನು ತಲೆ ಮೇಲೆತ್ತಿದ, ಅವಳು ಕುಳ್ಳಿ, ಎಟುಕಲಿಲ್ಲ. ಸಹಾಯ ಮಾಡಿದೆ.

ಸಹಾಯ ಕಣೇ.

ಆಯಿತು, ಒಂದು ತೂತು ಬಿಗಿ ಮಾಡಿದ್ದೀನಿ. ಒಂದು... ಎರಡಿರಬಹುದು. ಎಷ್ಟು ಹೊತ್ತಿನ ಆಟ ಇದು? ಯಾರು ಮಾಡಲ್ಲ ಹೇಳು ನೋಡೋಣ! 'ಪುಸ್ತಕ ನೋಡಿಕೊಂಡು ಮುದ್ದು ಮಾಡಿ ಸಾಕಿದ ಕುದುರೆ ಯಾವತ್ತೂ ಗೆಲ್ಲಲ್ಲ' ಅಂತ ಆಡಿಕೊಳ್ತಾರಲ್ಲ, ಅವರ ಬಾಯಿ ಒಂದು ಸಲ ಮುಚ್ಚಿಸಬೇಕಿತ್ತು. ಹಾಗೆ ನೋಡಬೇಡ. ಮುಚ್ಚಿಸಿದ್ದು ಯಾರ ಬಾಯಿ ಅಂತ ನನಗೂ ಕಾಣುತ್ತೆ.

ಏಯ್, ಬಕಲ್‌ಗೆ ಕೈ ಹಾಕಬೇಡ! ಬಿಚ್ಚಬೇಡ ಪಿಪ್ಪಾ, ಮತ್ತೆ ಕಟ್ಟೋಕೆ ಹೊತ್ತಿಲ್ಲ, ಬಿಚ್ಚ... ಬಿಚ್ಚಿಬಿಟ್ಟೆ.

ನೋಡು, ಆಕಳಿಸ್ತಾನೆ. ನಿದ್ದೆ ಪಾಪ, ಕತ್ತಲಲ್ಲಿ ಎಬ್ಬಿಸಿ ಕರೆದುಕೊಂಡು ಬಂದಿದ್ದೀವಿ... ಮತ್ತೆ ಆಕಳಿಸಿದ. ದವಡೆ ಹೇಗೆ ಹೊರಳಿಸ್ತಾನೆ ನೋಡು... ಇನ್ನೊಂದು ಸಲ... ನುಂಗ್ತಾನೆ, ನೆಕ್ತಾನೆ, ಮತ್ತೆ...

ನಿದ್ದೆಯಲ್ಲ. ಹೌದು, ಗೊತ್ತು. ಬಾಯಿ ಕಟ್ಟಿದಷ್ಟು ಹೊತ್ತು ಮಾಡೋಕಾಗದ್ದನ್ನೆಲ್ಲ ಕುದುರೆ ಬಿಟ್ಟ ಕೂಡಲೇ ಮಾಡಿಕೊಳ್ಳುತ್ತೆ. ಎಷ್ಟು ಬಿಗಿದಿದ್ದರೆ ಅಷ್ಟು ಜಾಸ್ತಿ. ನಾನು ಹೇಳೋ ಪಾಠವೇ. ಶಾಲೆಗೆ ರಜೆ ಇದ್ದಾಗ ನೀನೂ ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದೀಯ.

ಅಲ್ಲಿ ಒತ್ತಬೇಡ. ಕೆನ್ನೆ ಮೇಲೆ ಬೇಡ ಪಿಪ್ಪಾ... ನೋಡು, ತಲೆ ಕಿತ್ತುಕೊಂಡ! ಅಲ್ಲೇ ನೋಯೋದು ಅವನಿಗೆ, ಒತ್ತಬೇಡ ಅಂದೆ ತಾನೆ!

...ಅಲ್ಲೇ ನೋಯುತ್ತೆ ಅಂತ ನನಗೆ ಹೇಗೆ ಗೊತ್ತು ಅಂತ ನೀನೇನೂ ಕೇಳಲಿಲ್ಲ. ನಾನೇ ಅಂದುಬಿಟ್ಟೆ.

ಹಲ್ಲು ಕಣೇ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಒಳಗೆ ಕೊರೆದಿದೆ, ಹುಣ್ಣಾಗಿದೆ. ಅದರ ಮೇಲೆ ಪಟ್ಟಿ ಬಿಗಿದರೆ... ಹೂಂ. ಕುದುರೆ ದಂತವೈದ್ಯರು ಬಂದು ಹಲ್ಲಿಗೆ ಅರ ಉಜ್ಜಿ ಹೋದರು, ನೀನು ಶಾಲೆಯಲ್ಲಿದ್ದೆ ಅಂತ ಹೇಳಿದ್ದೆನಲ್ಲ... ಅವರು ಬರಲಿಲ್ಲ. ನಾನೇ ಫೋನ್ ಮಾಡಿ ಬೇಡ ಅಂದೆ. ಅರ ಉಜ್ಜೋಕೆ ಮುಂಚೆ ಮಂಪರಿನ ಸೂಜಿ ಚುಚ್ಚಬೇಕು, ಅದು ದಿನಗಟ್ಟಲೆ ರಕ್ತದಲ್ಲಿ ಇರುತ್ತೆ, ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇವತ್ತು ನೀನು ಮೈದಾನಕ್ಕೆ ಕಾಲಿಡೋ ಹಾಗಿಲ್ಲ. ಸೋಮವಾರ ಬರ್ತಾರೆ. ಸೋಮವಾರ ಅಂದರೆ ಎಷ್ಟು ದೂರ ಹೇಳು! ಇವತ್ತೊಂದು ದಿನ ಅವನು ತಡೆದುಕೊಂಡರೆ...

ಬಾಯಿ ತೆಗೀತಿದ್ದದ್ದು ತುಂಟತನಕ್ಕಲ್ಲ ಅಂತ ಗೊತ್ತಿತ್ತು ನನಗೆ. ಬೇರೆಯವರು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಅನ್ನಬಹುದಿತ್ತು.

ಏನಾದರೂ ಅನ್ನು. ಬೈಯಿ. ಹೆಲ್ಮೆಟ್ ಎತ್ತಿ ಎಸೆ ನನ್ನ ಮೇಲೆ! ಹೀಗೆ ನಿಂತುಕೊಂಡರೆ ನಾನು...

ತಡಿ. ನಿನಗೆ ಆಶ್ಚರ್ಯವೇ ಆಗಲಿಲ್ಲ. ನನ್ನ ಕಡೆ ನೋಡು. ದಂತವೈದ್ಯರು ಬರಲಿಲ್ಲ ಅಂದಾಗ ನಿನ್ನ ರೆಪ್ಪೆ ಕೂಡ ಅಲುಗಲಿಲ್ಲ.

ಗೊತ್ತಿತ್ತಾ ನಿನಗೆ? ಯಾವಾಗಿಂದ? ಲಾಯ ಗುಡಿಸೋದು ನೀನೇ... ಹಲ್ಲು ನೋವಿಗೆ ಅರ್ಧ ಜಗಿದು ಉಗುಳಿದ ಹುಲ್ಲಿನ ಉಂಡೆಗಳು ಈಗಲೂ ನೆಲದ ಮೇಲೆ ಬಿದ್ದಿರುತ್ತವೆ... ಅಷ್ಟು ಸಾಕಾಯಿತು ಅಲ್ಲವಾ ನಿನಗೆ. ನನ್ನ ಮಗಳಲ್ಲವಾ. ಅದಕ್ಕೇ ಬರೋ ದಾರಿಯುದ್ದಕ್ಕೂ ನಾನು ಹಚ್ಚಿದ ರೇಡಿಯೋ ಆರಿಸಿ ಆರಿಸಿ ಕೂತೆ. ನಾನು ಅಂದುಕೊಂಡೆ, ಸ್ಪರ್ಧೆ ಅಂದರೆ ಹುಡುಗಿಗೆ ತಲೆನೋವು ಬರುತ್ತೆ ಅಂತ. ನೀನು ಕಾಯ್ತಿದ್ದೆ. ನಾನಾಗಿ ಹೇಳ್ತೀನಾ ಅಂತ. ಜೀನು ಹಾಕುವಾಗ ಕಾದೆ, ಶೆರಿಲ್ ಎದುರಿಗೆ ಕಾದೆ, ಅವನ ಮೇಲೆ ಕೂತುಕೊಂಡೂ ಕಾದೆ. ಈಗ ಇಲ್ಲಿ ಬಂದು ನಿಂತು...

ಅಷ್ಟು ಹೊತ್ತು ಅವನೂ ಕಾದ, ಪಿಪ್ಪಾ. ನಮ್ಮಿಬ್ಬರಿಗೋಸ್ಕರ.

ಅಳಬೇಡ. ನಿನಗೆ ಅಂದದ್ದಲ್ಲ ಅದು... ನನಗೇ ಅಂದುಕೊಂಡದ್ದು.

ಕೇಳಿಸ್ತಾ? ನಿನ್ನ ಹೆಸರೇ ಕೂಗ್ತಿರೋದು. ನೀನು ನಿಲ್ಲು, ನಾನು ಹೋಗ್ತೀನಿ. ಅಭ್ಯಾಸ ಮಾಡುವಾಗ ಇವನ ಕಾಲು ಉಳುಕಿತು, ಸ್ವಲ್ಪ ಕುಂಟುತ್ತಿದ್ದಾನೆ ಅಂತ ಹೇಳಿಬಿಡ್ತೀನಿ. ಯಾರೂ ಏನೂ ಕೇಳಲ್ಲ. ಪಾಪ ಅಂತಾರೆ, ಮುಂದಿನವರನ್ನ ಕರೀತಾರೆ...

ಏನು?

...ಕುಂಟುತ್ತಿಲ್ಲ. ಸರಿ.

ಸರಿ ಕಣೇ. ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ಮೊದಲು ಆ ನೀಲಿ ಟೋಪಿಯವರಿಗೆ, ಆಮೇಲೆ ಶೆರಿಲ್‌ಗೆ. ಅವಳ ಕೈ ಹಿಡಿದು ಎಳೆದದ್ದನ್ನೂ. ನೀನೂ ಬರ್ತೀಯಾ ಜೊತೆಗೆ? ನಾನೊಬ್ಬಳೇ ಅಲ್ಲಿ ನಿಂತು...

ಬೇಡ. ನೀನು ಅವನ ಹತ್ತಿರವೇ ಇರು.