ತುಂಬುತೋಳು

ದರ್ಜಿಯ ಅಂಗಡಿಯಲ್ಲಿ ನನ್ನ ಪ್ಯಾಂಟಿಗಾಗಿ ಕಾಯುತ್ತಿದ್ದೆ. ಒಬ್ಬಾಕೆ ಹದಿನೈದರ ಮಗಳೊಂದಿಗೆ ಬಂದು ಯೂನಿಫಾರ್ಮ್ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಅಂಗಿಗೆ ತುಂಬುತೋಳು ಇಡಣ್ಣ.”

“ಈ ಸೆಕೇಲಾ? ಎಲ್ರೂ ಅರ್ಧ ತೋಳು ಹೊಲಿಸ್ತಾರಲ್ಲ, ತಾಯಿ.”

ದರ್ಜಿ ಅಳತೆಗೆಂದು ಟೇಪು ಎತ್ತಿದ. ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಬರೀ ಟೇಪು ಕಣಮ್ಮ.”

“ಅವರಪ್ಪಂದು ಕೈ ಸ್ವಲ್ಪ ಮುಂದು,” ಎಂದಳು ತಾಯಿ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?”

“ನಾನೂ ನಮ್ಮಪ್ಪನ ಹತ್ರ ಅಳತೆಕೋಲಲ್ಲಿ ಏಟು ತಿಂದೇ ಕಸುಬು ಕಲ್ತಿದ್ದು.”

“ಮತ್ತೆ! ಕೆಟ್ಟೋದ್ಯಾ ನೀನು?”

ದರ್ಜಿ ಹುಡುಗಿಯ ತೋಳನ್ನು ಮುಟ್ಟದೆಯೇ ಅಳೆದ.

“ಒಳಗೆ ಎರಡಿಂಚು ಬಟ್ಟೆ ಬಿಡ್ಲಾ? ಬೆಳೆಯೋ ಹುಡುಗಿ, ಆಮೇಲೆ ಬಿಚ್ಚಿ ಉದ್ದ ಮಾಡ್ಬೋದು.”

“ಬಿಡಣ್ಣ. ಮುಂದಿನ ವರ್ಷಾನೂ ಬೇಕಾಗುತ್ತೆ,” ಎನ್ನುತ್ತಾ ಆಕೆ ಮಗಳನ್ನು ಕರೆದುಕೊಂಡು ಬಿಸಿಲಿಗಿಳಿದಳು.