ಬಾಚಣಿಗೆ ಗುರುತಿನ ರೊಟ್ಟಿ

ಬನ್ರವ್ವಾ, ಬನ್ರಪ್ಪಾ, ಒತ್ತೊತ್ತಾಗಿ ಕೂತ್ಕೊಳ್ಳಿ. ಮರಳು ಮುಗಿದು ಸಮುದ್ರ ಶುರುವಾಗೋ ಕಡೆ ಒಂದೂರು. ಹೆಸರು ಕೇಳ್ಬೇಡಿ, ನಮ್ಮಜ್ಜಿ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಸುಣ್ಣದ ಗೋಡೆ, ನೀಲಿ ಬಾಗ್ಲು, ನೀಲಿ ದೋಣಿ. ಆ ಊರಿಗೆ ಬೆಟ್ಟದಿಂದ ಇಳಿದು ಬಂದ್ಳು ತಾಮು ಅನ್ನೋ ಮುದುಕಿ. ಸೊಂಟದಲ್ಲಿ ಮೂರು ಬೆಳ್ಳಿ ನಾಣ್ಯ, ಬಟ್ಟೆ ಗಂಟಿನಲ್ಲಿ ಹಲ್ಲು ಮುರಿದ ಮರದ ಬಾಚಣಿಗೆ.

ಯಾಕೆ ಬಂದ್ಳು? ಮಗಳಿಗೋಸ್ಕರ ಕಣ್ರೀ! ಒಬ್ಬಳೇ ಮಗಳು, ಇಜ್ಜಾ. ಸಮುದ್ರದಾಚೆ ಮದುವೆಯಾಗಿ ಹೋದ್ಳು, ಗಂಡ ಸತ್ತ, ಹಡಗಿನ ಅಡುಗೆಮನೆ ಸೇರ್ಕೊಂಡ್ಳು. ಹೇಳಿ ಕಳಿಸಿದ್ಳು: "ಅವ್ವಾ, ಆಲಿವ್ ಕಾಯಿ ಕೀಳೋ ತಿಂಗಳಲ್ಲಿ ನಮ್ಮ ಹಡಗು ಆ ಊರ ಹತ್ರ ಅರ್ಧ ದಿನ ನಿಲ್ತದೆ. ಯಾವತ್ತೋ ಗೊತ್ತಿಲ್ಲ. ಕಟ್ಟೆ ಮೇಲೆ ನೀನು ಕಂಡ್ರೆ ಇಳೀತೀನಿ. ಕಾಣದಿದ್ರೆ ಅಲ್ಲಿ ನನಗ್ಯಾರವ್ರೆ?"

ಮೊದಲನೇ ವರ್ಷ ತಾಮು ಸಮುದ್ರದ ಮುಂದಿನ ದೊಡ್ಡ ಹೋಟ್ಲಲ್ಲಿ ಇಳ್ಕೊಂಡ್ಳು. ಮೆತ್ತನೆ ಹಾಸಿಗೆ, ತಟ್ಟೆ ತುಂಬ ಮಾಂಸ. ಮೂರು ದಿನಕ್ಕೆ ಮೂರು ನಾಣ್ಯ ಮಾಯ! ಹೋಟ್ಲ ಸಾಹುಕಾರ ನಕ್ಕ. "ಏನಜ್ಜೀ, ಚೀಲ ಖಾಲಿಯಾಯ್ತಾ? ಹಂಗಾರೆ ಕೋಣೇನೂ ಖಾಲಿ ಮಾಡು." ಅವಳು ಬೆಟ್ಟ ಹತ್ತಿದ್ಳು. ನಾಲ್ಕನೇ ದಿನ ಹಡಗು ಬಂತು, ನಿಂತಿತು, ಹೋಯ್ತು.

ಎರಡನೇ ವರ್ಷ? ಮತ್ತೆ ಮೂರು ನಾಣ್ಯ ಕೂಡಿಸ್ಕೊಂಡು ಬಂದು ಹೊಟ್ಟೆ ಕಟ್ಟಿದ್ಳು. ಕೋಟೆ ಗೋಡೆ ಸಂದೀಲಿ ಮಲಗಿದ್ಳು, ಒಣ ಅಂಜೂರ ಅಗಿದ್ಳು, ಒಂದು ಕಾಸೂ ಬಿಚ್ಚಲಿಲ್ಲ. ಹನ್ನೆರಡನೇ ದಿನ ಜ್ವರ ಬಂದು ನೆಲಕ್ಕೆ ಬಿದ್ಳು. ಯಾರೋ ಪುಣ್ಯಾತ್ಮರು ಹೇಸರಗತ್ತೆ ಮೇಲೆ ಹಾಕಿ ಅವಳ ಬೆಟ್ಟದೂರಿಗೆ ಕಳಿಸಿದ್ರು. ಮಾರನೇ ದಿನ ಹಡಗು ಬಂತು, ನಿಂತಿತು, ಹೋಯ್ತು. ಅವ್ವ ಸತ್ತೇ ಹೋದ್ಳು ಅಂತ ಇಜ್ಜಾ ಹಡಗಲ್ಲಿ ಕೂತು ಅತ್ಳು.

ಮೂರನೇ ವರ್ಷ ತಾಮು ಏನಂದ್ಳು ಗೊತ್ತಾ? "ಸಾಹುಕಾರನ ಥರಾನೂ ಬೇಡ, ಭಿಕಾರಿ ಥರಾನೂ ಬೇಡ. ಈ ಊರಿನೋರು ಹೆಂಗೆ ಉಣ್ತಾರೋ ಹಂಗೆ ಉಣ್ತೀನಿ" ಅಂದ್ಳು. ನೋಡಿದ್ಳು, ಕೇಳಿದ್ಳು, ಕಲಿತ್ಳು.

ಬೆಳಗ್ಗೆ ದೋಣಿ ಬಂದಾಗ ದೊಡ್ಡ ಮೀನೆಲ್ಲ ಹೋಟ್ಲಿಗೆ ಹೋಗ್ತದೆ. ಉಳಿದ ಸಣ್ಣ ಬೂತಾಯಿ ಮೀನು ಕಾಸಿಗೊಂದು ಬೊಗಸೆ. ಪಕ್ಕದಲ್ಲೇ ಕೆಂಡದ ಒಲೆಯೋನು. ಮೀನು ನಿಂದು, ಕೆಂಡ ಅವಂದು! ಉಪ್ಪು, ಜೀರಿಗೆ, ನಿಂಬೆ ಹಾಕಿ ಸುಟ್ಟು ಕೊಡ್ತಾನೆ. ಒಬ್ಬ ನೇಕಾರಗಿತ್ತಿಗೆ ಉಣ್ಣೆ ನೂತು ಕೊಟ್ಟು ಅವಳ ಮಾಳಿಗೆ ಮೇಲಿನ ಕೋಣೆ ಸಂಪಾದಿಸಿದ್ಳು. ರಾಣಿಗೂ ಇಲ್ಲ ಅಂಥ ಗಾಳಿ!

ರೊಟ್ಟಿ ವಿಷಯದಲ್ಲಿ ಮಾತ್ರ ಎಡವಿದ್ಳು. ಆ ಊರಲ್ಲಿ ಬೀದಿಗೊಂದು ದೊಡ್ಡ ಒಲೆ. ಹೆಂಗಸ್ರು ಹಿಟ್ಟು ನಾದಿ ತಂದು ಕೊಡ್ತಾರೆ, ಒಲೆ ನೋಡ್ಕೊಳ್ಳೋ ಹಮ್ಮು ಅನ್ನೋನು ಸುಟ್ಟು ಕೊಡ್ತಾನೆ. ತಾಮುನೂ ಕೊಟ್ಳು. ಮಧ್ಯಾಹ್ನ ಹೋದ್ರೆ ರೊಟ್ಟಿ ಇಲ್ಲ!

"ಎಲ್ಲಪ್ಪಾ ನನ್ನ ರೊಟ್ಟಿ?"

"ಅಯ್ಯೋ ಅವ್ವಾ, ಗುರುತೇ ಇರ್ಲಿಲ್ಲ! ಗುರುತಿಲ್ಲದ ರೊಟ್ಟಿ ಬಡವರ ಪಾಲು. ಹಂಚಿಬಿಟ್ಟೆ. ಒಬ್ಬರದು ಹೂವು, ಒಬ್ಬರದು ನಕ್ಷತ್ರ. ನಿಮ್ಮನೇದು ಏನು?"

ತಾಮು ಗಂಟು ಬಿಚ್ಚಿದ್ಳು. ಅದೇ ಬಾಚಣಿಗೆ. ಇಜ್ಜಾ ಮಗುವಾಗಿದ್ದಾಗ ಕಚ್ಚಿ ನಡುವಿನ ಎರಡು ಹಲ್ಲು ಮುರಿದಿದ್ಳು. ಮಾರನೇ ದಿನದಿಂದ ಹಿಟ್ಟಿನ ಮೇಲೆ ಅದನ್ನೇ ಒತ್ತಿದ್ಳು.

ಹತ್ತು ದಿನ ಕಳೀತು, ಇಪ್ಪತ್ತು ದಿನ ಕಳೀತು, ನಾಣ್ಯ ಒಂದೇ ಮುರಿದಿತ್ತು. ತಾಮು ಕೆನ್ನೆ ತುಂಬ್ಕೊಂಡ್ಳು. ಆಮೇಲೊಂದು ದಿನ ಹಡಗು ಬಂತು. ಆದ್ರೆ ಕೇಳ್ರಪ್ಪಾ ಗ್ರಹಚಾರ! ಆವತ್ತೇ ಮಂಜು. ಕಟ್ಟೆ ಮೇಲೆ ನಿಂತ್ರೆ ನಿನ್ನ ಕೈ ನಿನಗೇ ಕಾಣ್ಸಲ್ಲ. ತಾಮು ಕೂಗಿದ್ಳು, ಗಂಟಲು ಹರಿಯೋ ಹಂಗೆ ಕೂಗಿದ್ಳು. ಅಲೆ ಸದ್ದಲ್ಲಿ ಯಾರಿಗೆ ಕೇಳ್ತದೆ?

ಆಗ ಹಮ್ಮು ಬುಟ್ಟಿ ಹಿಡ್ಕೊಂಡು ಬಂದ. ಹಡಗು ಬಂದ್ರೆ ಒಲೆ ಹಂಚಿಕೊಂಡ ಮನೆಯೆಲ್ಲ ಹಡಗಿನೋರಿಗೆ ಒಂದೊಂದು ರೊಟ್ಟಿ ಕೊಡೋದು ಆ ಊರಿನ ಪದ್ಧತಿ.

"ನೀನು ಪರದೇಶದೋಳು ಅವ್ವಾ, ನೀನು ಕೊಡೋದು ಬೇಡ" ಅಂದ.

"ನಿಮ್ಮ ಒಲೆಯಲ್ಲಿ ಬೇಯಿಸ್ಕೊಂಡು ತಿಂದಿದೀನಪ್ಪಾ, ನಂದೂ ಹೋಗ್ಲಿ!" ಅಂತ ಆವತ್ತಿನ ಒಂದೇ ರೊಟ್ಟೀನ ಬುಟ್ಟಿಗೆ ಹಾಕಿದ್ಳು.

ದೋಣಿಯೋರು ಬುಟ್ಟಿ ಒಯ್ದು ಹಡಗಿನ ಅಡುಗೆಮನೇಲಿ ಸುರಿದ್ರು. ಒಬ್ಬ ನಾವಿಕ ಬಿದ್ದು ಬಿದ್ದು ನಕ್ಕ. "ನೋಡ್ರೋ, ಯಾವಳೋ ರೊಟ್ಟಿಗೆ ತಲೆ ಬಾಚವ್ಳೆ! ಅದೂ ಹಲ್ಲಿಲ್ಲದ ಬಾಚಣಿಗೇಲಿ!"

ಒಲೆ ಮುಂದಿದ್ದ ಇಜ್ಜಾ ತಿರುಗಿ ನೋಡಿದ್ಳು. ರೊಟ್ಟಿ ಕಿತ್ಕೊಂಡ್ಳು, ಗೆರೆ ಮೇಲೆ ಬೆರಳಾಡಿಸಿದ್ಳು. ನಡುವೆ ಎರಡು ಹಲ್ಲಿಲ್ಲ.

"ನನ್ನವ್ವ ಬದುಕವ್ಳೆ! ದೋಣಿ ನಿಲ್ಲಿಸ್ರೋ!"

ಮಂಜಿನೊಳಗಿಂದ ದೋಣಿ ಬಂತು. ಎದೆಗೆ ರೊಟ್ಟಿ ಅವುಚ್ಕೊಂಡು ಇಜ್ಜಾ ಕಟ್ಟೆಗೆ ಹಾರಿದ್ಳು. ಅವ್ವ ಮಗಳು ಅತ್ಕೊಂಡೇ ನಕ್ರು. "ಸೊರಗಿರ್ತೀಯ ಅಂದ್ಕೊಂಡಿದ್ದೆ, ಗುಂಡಗಾಗಿದೀಯಲ್ಲವ್ವಾ!"

ದೊಡ್ಡ ಹೋಟ್ಲ ಮುಂದೇನೇ ಕೂತು ಇಬ್ರೂ ಸುಟ್ಟ ಮೀನು, ರೊಟ್ಟಿ ತಿಂದ್ರು. ಮೇಲಿಂದ ಸಾಹುಕಾರ ಮೂಗರಳಿಸ್ದ. "ಅಜ್ಜೀ, ಆ ಮೀನು ಎಲ್ಲಿ ಸಿಗ್ತದೆ?"

ತಾಮು ತಲೆಯೆತ್ತಿ ಅಂದ್ಳು: "ನಿಮ್ಮೂರಲ್ಲೇ ಕಣಪ್ಪಾ! ಕೋಣೆ ಖಾಲಿ ಮಾಡಿ ಕೆಳಗಿಳಿ, ತೋರಿಸ್ತೀನಿ."

ರೊಟ್ಟಿ ಅವರ ಹೊಟ್ಟೆಗೆ, ಕಥೆ ನಿಮ್ಮ ಕಿವಿಗೆ. ಎಲೆ ಅಡಿಕೆ ತಟ್ಟೆ ಇತ್ತ ತಳ್ಳಿ, ಅದು ನನಗೆ.