ವಿಮಾನ ನಿಲ್ದಾಣದ ಗಂಗೆ

ಕಾಶಿಯಲ್ಲಿ ನಾನೊಂದು ಮುಳುಗು ಹಾಕಿದ್ದಕ್ಕೆ ಗಂಗೆ ಉಕ್ಕಿ, ದೋಣಿಗಳೆಲ್ಲ ಗುಡಿಯ ಬಾಗಿಲಿಗೆ ಬಂದು ನಿಂತವು. ಮರುದಿನ ಅಲ್ಲಿನ ವಿಮಾನ ನಿಲ್ದಾಣದ ಅಂಗಡಿಯಲ್ಲಿ ನಮ್ಮ ಚನ್ನಗಿರಿ ಕಡೆಯ ಮಾತು ಕೇಳಿಸಿತು. ಪರಮೇಶ್ ಎಂಬವನು ಆಗಷ್ಟೇ ಕೊಂಡ ಪುಟ್ಟ ತಾಮ್ರದ ತಂಬಿಗೆಗೆ ನೀರು ತುಂಬಿಸಿ ತಂದಿದ್ದ. ತಂಗಿ ರಕ್ಷಾ ಮುಖ ಕಿವುಚಿದಳು.

“ಎಲ್ಲಿ ತುಂಬಿದ್ಯೋ ಅಣ್ಣ?”

“ಪಾಯಿಖಾನೆ ಪಕ್ಕದ ನಲ್ಲ್ಯಾಗೆ.”

“ಥೂ. ಕೊನೇಗಾಲಕ್ಕೆ ಬಾಯಿಗೆ ಬಿಡಾಕೆ ಗಂಗೆ ತಗಂಬಾ ಅಂದಿದ್ಲು ಅಜ್ಜಿ.”

“ಗಂಗೆ ತುಂಬಿದ್ದ ಕ್ಯಾನು ಚೆಕಿಂಗ್‌ನಾಗೆ ಹೋತಲ್ಲ.”

“ಕೈಚೀಲಕ್ಕೆ ಹಾಕಬ್ಯಾಡ ಅಂತ ಬಡ್ಕಂಡೆ.”

“ತಂಬಿಗೆ ಬಾಯಿಗೆ ಬೆಸುಗೆ ಹಾಕ್ಸಿದ್ರೆ ಯಾರಿಗೆ ಗೊತ್ತಾಗ್ತೈತೆ?”

“ನನಗೆ ಗೊತ್ತೈತಲ್ಲ. ಚೆಲ್ಲು.”

“ಈ ಯಜಮಾನ್ರೂ ಅಲ್ಲೇ ತುಂಬ್ಕಂಡ್ರು, ಕೇಳು.”

ರಕ್ಷಾ ನನ್ನ ಕೈಯಲ್ಲಿದ್ದ ತಂಬಿಗೆ ನೋಡಿದಳು. “ಹೌದೇನ್ರೀ?”

“ಹೌದಮ್ಮ. ಹೊನ್ನಾಳ್ಯಾಗಿರೋ ನಮ್ಮತ್ತೆಗೆ. ಚಳಿ ಅಂತ ನಾನು ಗಂಗೆಗೆ ಕಾಲೂ ಇಟ್ಟಿಲ್ಲ.”

“ಕೊನೇಗಾಲಕ್ಕೆ ಅವರ ಬಾಯಿಗೂ ಈ ನಲ್ಲಿ ನೀರೇ ಬಿಡ್ತೀರೇನ್ರೀ?”

ಅಣ್ಣನ ತಂಬಿಗೆ ಕಿತ್ತುಕೊಂಡು ಪಕ್ಕದ ಹೂಕುಂಡಕ್ಕೆ ಬಗ್ಗಿಸಿ, ಅಜ್ಜಿಗೆ ನಿಜವನ್ನೇ ಹೇಳುತ್ತೇನೆಂದು ಅವಳು ಹೊರಟಳು. ಅವನು ಹಿಂದೆ ನಡೆದ.

ನನ್ನದನ್ನೂ ಅಲ್ಲೇ ಚೆಲ್ಲಿದೆ ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದೇನೆ. ಚೆಲ್ಲಲಿಲ್ಲ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಿದ್ದಾರೆ.